ಹೆದ್ದಾರಿಯ ಬೆರ್ಚಪ್ಪ

ಹೊಸಗದ್ದೆಯ ನಾಗಮ್ಮನಿಗೆ ಸಿಟ್ಟು ಬರಲು ಕಾರಣವೇ ಬೇಡ ಎಂದು ಊರವರು ಹೇಳುವುದುಂಟು. ಅದು ಶುದ್ಧ ಸುಳ್ಳು. ಕಾರಣ ಅವಳ ಅಂಗಳದಿಂದ ನೂರು ಮಾರು ದೂರದಲ್ಲಿ ಹಗಲೂ ರಾತ್ರಿ ಗುಂಯ್‌ಗುಡುತ್ತ ಬಿದ್ದುಕೊಂಡಿತ್ತು. ಕಾರವಾರದಿಂದ ಅಂಕೋಲೆಗೆ ಹೋಗುವ ಆ ಹೆದ್ದಾರಿ ಊರನ್ನು ಕುಂಬಳಕಾಯಿ ಸೀಳಿದ ಹಾಗೆ ಎರಡು ಹೋಳು ಮಾಡಿತ್ತು. ಮನೆಗಳೆಲ್ಲ ಗುಡ್ಡದ ಬದಿಗೆ, ಶಾಲೆ ಸಮುದ್ರದ ಬದಿಗೆ. ನಡುವೆ ನಾಲ್ಕು ಸಾಲಿನ ರಸ್ತೆ, ಅದರ ನಡುವೆ ಡಿವೈಡರ್ ಎಂಬ ಮೊಣಕಾಲೆತ್ತರದ ಗೋಡೆ.

ಹಿಂದಿನ ರಸ್ತೆಯಾದರೆ ಅದರ ಮೇಲೆ ಭತ್ತ ಒಣಗಿಸುತ್ತಿದ್ದರು. ಲಾರಿಯವರು ನಿಧಾನ ಮಾಡಿ, ನಾಲ್ಕು ಮಾತು ಬೈದು, ಬದಿಯಿಂದ ಹೋಗುತ್ತಿದ್ದರು. ಈಗಿನದರ ಮೇಲೆ ನಾಯಿಯೂ ಎರಡು ಸಲ ಯೋಚಿಸಿ ಕಾಲಿಡುತ್ತದೆ. ಯೋಚಿಸದ ನಾಯಿಗಳ ಗತಿ ಏನಾಯಿತೆಂದು ಊರಿನ ಮಕ್ಕಳಿಗೆ ಚೆನ್ನಾಗಿ ಗೊತ್ತು. ದಾಟಲು ಒಂದು ಕೆಳಸೇತುವೆ ಇಲ್ಲವೆಂದಲ್ಲ. ಇದೆ, ಒಂದು ಕಿಲೋಮೀಟರು ಆಚೆ. ಮಳೆಗಾಲದಲ್ಲಿ ಅಲ್ಲಿ ಸೊಂಟಮಟ್ಟ ನೀರು, ಬೇಸಿಗೆಯಲ್ಲಿ ಸೊಂಟಮಟ್ಟ ಕಸ. ಅದನ್ನು ಕಟ್ಟಿದವರ ಮಕ್ಕಳು ಅದರಲ್ಲೇ ನಡೆದು ಶಾಲೆಗೆ ಹೋಗಲಿ ಎಂದು ನಾಗಮ್ಮ ದಿನಕ್ಕೊಮ್ಮೆ ಹರಸುತ್ತಿದ್ದಳು.

ದಿನಾ ಬೆಳಿಗ್ಗೆ ಒಂಬತ್ತೂಕಾಲಿಗೆ ಹನ್ನೊಂದು ಮಕ್ಕಳನ್ನು ಈ ರಸ್ತೆ ದಾಟಿಸುವ ಕೆಲಸ ಅವಳ ತಲೆಗೆ ಬಂದಿತ್ತು. ಯಾರೂ ಕೂತು ಮಾತಾಡಿ ಕೊಟ್ಟದ್ದಲ್ಲ, ಹಾಗೇ ಅಂಟಿಕೊಂಡದ್ದು. ಮೊದಲು ಮೂರನೆಯ ಇಯತ್ತೆಯ ಮೊಮ್ಮಗಳು ಗಾಯತ್ರಿಯನ್ನಷ್ಟೇ ದಾಟಿಸುತ್ತಿದ್ದಳು. ಮಗ ಕದ್ರಾದಲ್ಲಿ ಗುತ್ತಿಗೆ ಕೆಲಸ ಮಾಡುತ್ತ ವಾರಕ್ಕೊಮ್ಮೆ ಮುಖ ತೋರಿಸುವವ. ಸೊಸೆ ಏಳು ಗಂಟೆಗೇ ಮೀನು ಪ್ಯಾಕಿಂಗಿಗೆ ಹೊರಡುವವಳು. ಇನ್ನು ಅಜ್ಜಿಯಲ್ಲದೆ ಯಾರು? ಆಮೇಲೆ ಪಕ್ಕದ ಮನೆಯವಳು, "ಹೆಂಗೂ ಹೋತ್ಯಲಾ ನಾಗಕ್ಕ, ನಮ್ಮ ಬೇಬಿಗೂ ಒಂದು ಕೈ ಕೊಡು" ಎಂದಳು. ಬೇಬಿ ಒಂದನೆಯ ಇಯತ್ತೆ, ಬೆನ್ನಿನ ಚೀಲ ಅವಳಿಗಿಂತ ದೊಡ್ಡದು. ಎರಡು ಮಕ್ಕಳು ಮೂರಾದವು, ಮೂರು ಏಳಾದವು. ಮಳೆಗಾಲ ಮುಗಿಯುವಷ್ಟರಲ್ಲಿ ಇಡೀ ಊರು ಮಕ್ಕಳನ್ನು ಅಂಗಳಕ್ಕೆ ಬಿಟ್ಟು, "ನಾಗಮ್ಮ ಇದ್ದಳಲಾ" ಎಂದು ತನ್ನ ತನ್ನ ಕೆಲಸಕ್ಕೆ ನಡೆದಿತ್ತು. ಸಂಜೆ ತುಳಸಿದಾಸ ಮಾಸ್ತರರೇ ನಿಂತು ದಾಟಿಸುತ್ತಿದ್ದರು. ಬೆಳಿಗ್ಗೆ ಮಾತ್ರ ಅವರು ಬಸ್ಸಿಳಿದು ಶಾಲೆಯ ಬೀಗ ತೆಗೆಯುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಯಾಗುತ್ತಿತ್ತು.

ಗಂಡ ಹೊನ್ನ ಮನೆಯಲ್ಲೇ ಇರುವವನು. ಆದರೆ ಎರಡೂ ಕಣ್ಣಿಗೆ ಪೊರೆ ಬಂದು, ಅವನನ್ನೇ ಯಾರಾದರೂ ದಾಟಿಸಬೇಕು. ಜಗಲಿಯ ಮೇಲೆ ಕೂತು ಸಲಹೆ ಕೊಡಲು ಕಣ್ಣು ಬೇಡವಲ್ಲ, ಅದನ್ನು ಮಾತ್ರ ತಪ್ಪದೆ ಕೊಡುತ್ತಿದ್ದ.

ನಾಗಮ್ಮನ ನಿಜವಾದ ಸಂಕಟ ಒಂಬತ್ತರ ಬಸ್ಸು. ಅವಳು ಹರಿವೆ, ಬಸಳೆ, ಬದನೆ ಬೆಳೆದು ಅಂಕೋಲೆ ಪೇಟೆಯಲ್ಲಿ ಮಾರುವವಳು. ಒಂಬತ್ತಕ್ಕೆ ಹೋದರೆ ಗಿರಾಕಿ, ಅದು ತಪ್ಪಿ ಹತ್ತೂವರೆಗೆ ಹೋದರೆ ಬಿಸಿಲು. ಮಕ್ಕಳನ್ನು ದಾಟಿಸಿ ಮುಂದಿನ ಬಸ್ಸಿಗೆ ಹೋಗುವಷ್ಟರಲ್ಲಿ ಅವಳು ಕೂರುವ ಜಾಗದಲ್ಲಿ ಬೇರೊಬ್ಬಳು ಸೊಪ್ಪು ಹರಡಿಕೊಂಡಿರುತ್ತಿದ್ದಳು, ಇವಳ ಹರಿವೆ ಬುಟ್ಟಿಯಲ್ಲೇ ತಲೆ ಬಾಗಿಸಿರುತ್ತಿತ್ತು. ಮನೆ ನಡೆಯುವುದು ಆ ಬುಟ್ಟಿಯಿಂದ. ಮಕ್ಕಳನ್ನು ಬಿಡುವ ಹಾಗಿಲ್ಲ, ಬುಟ್ಟಿಯನ್ನು ಬಿಡುವ ಹಾಗಿಲ್ಲ.

ಮಾಸ್ತರರನ್ನು ಹೊರಡಿಸಿಕೊಂಡು ಕಾರವಾರಕ್ಕೆ ಅರ್ಜಿ ಕೊಡಲು ಹೋಗಿದ್ದೂ ಆಯಿತು. ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು, ಅಲ್ಲಿಯವರು ಊಟಕ್ಕೆ ಹೋಗಿದ್ದರು. ಮೂರು ಗಂಟೆಗೆ ಸಿಕ್ಕ ಸಾಹೇಬರು ಅರ್ಜಿಯ ಮೇಲೆ ಕಣ್ಣಾಡಿಸಿ, ಹೆದ್ದಾರಿಗೆ ಹಂಪ್ ಹಾಕುವ ಹಾಗಿಲ್ಲ ಎಂದರು. ಆಮೇಲೆ, "ಆ ಜಾಗದಲ್ಲಿ ಈತನಕ ಎಷ್ಟು ಜನ ಸತ್ತಿದ್ದಾರೆ?" ಎಂದು ಕೇಳಿದರು.

"ಯಾರೂ ಇಲ್ಲ ಸರ್," ಎಂದರು ಮಾಸ್ತರರು, ಏನೋ ತಪ್ಪು ಮಾಡಿದವರಂತೆ.

"ಹಾಗಾದರೆ ಅದು ಅಪಾಯದ ಜಾಗದ ಪಟ್ಟಿಯಲ್ಲಿ ಬರೋದಿಲ್ಲ."

ನಾಗಮ್ಮ ಕುರ್ಚಿಯಿಂದ ಎದ್ದಳು. "ಎಷ್ಟು ಬೇಕಾತದೆ ಸಾಯೇಬ್ರೇ? ಒಂದು ಸಾಕಾ, ಎರಡಾರೂ ಬೇಕಾ? ನಮ್ಮ ಕೇರಿಲಿ ಹನ್ನೊಂದು ಅದೆ. ಎಷ್ಟು ಅಂತ ಹೇಳಿ, ಬರ್ಕೊಂಡು ಹೋಗ್ತೆ."

ಮಾಸ್ತರರು ಅವಳನ್ನು ಹೊರಗೆ ಕರೆದುಕೊಂಡು ಬರುವಷ್ಟರಲ್ಲಿ ಬೆವತುಹೋಗಿದ್ದರು. ಬರುವ ಬಸ್ಸಿನಲ್ಲಿ, ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದಾಯಿತು ಎಂದು ನಾಗಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಆ ಕಿಟಕಿಯಿಂದಲೇ ಅವಳಿಗೆ ಉಪಾಯ ಕಂಡದ್ದು. ಕೊಯ್ಲಿನ ಹೊತ್ತು. ಗದ್ದೆ ಗದ್ದೆಯಲ್ಲೂ ಹಕ್ಕಿ, ಹಂದಿಗಳನ್ನು ಹೆದರಿಸಲು ನಿಲ್ಲಿಸಿದ ಬೆರ್ಚಪ್ಪಗಳು: ಹುಲ್ಲಿನ ಮೈ, ಮಡಕೆಯ ತಲೆ, ಮೈಮೇಲೆ ಯಾರದೋ ಹಳೇ ಅಂಗಿ. ಬೆರ್ಚಪ್ಪ ಕಟ್ಟುವುದರಲ್ಲಿ ನಾಗಮ್ಮನನ್ನು ಮೀರಿಸಿದವರು ಸುತ್ತ ನಾಲ್ಕು ಊರಲ್ಲಿ ಇರಲಿಲ್ಲ. ಅವಳ ಗದ್ದೆಯ ಬೆರ್ಚಪ್ಪನನ್ನು ನೋಡಿ ಒಮ್ಮೆ ಪೋಸ್ಟಿನವನೇ "ಹೋಯ್, ಕಾಗದ ಉಂಟು" ಎಂದು ಕೂಗಿ ಕರೆದಿದ್ದ. ಕಾಗೆ ಹೆದರುವುದಾದರೆ ಲಾರಿಯವನು ಯಾಕೆ ಹೆದರಬಾರದು?

ಹೊನ್ನ ಹಿಂದೆ ಅರಣ್ಯ ಇಲಾಖೆಯ ನೆಡುತೋಪಿಗೆ ದಿನಗೂಲಿ ಕಾವಲುಗಾರನಾಗಿದ್ದ. ಆಗಿನ ಖಾಕಿ ಅಂಗಿ, ಚಡ್ಡಿಯಲ್ಲ, ಪೂರಾ ಪ್ಯಾಂಟು, ಟೊಪ್ಪಿ, ಎಲ್ಲವೂ ಟ್ರಂಕಿನಲ್ಲಿ ಮಡಚಿ ಇದ್ದವು. ವರ್ಷಕ್ಕೊಮ್ಮೆ ಝಂಡಾ ಹಾರಿಸುವ ದಿನ ಹಾಕಿಕೊಂಡು ಶಾಲೆಗೆ ಹೋಗಿ ಲಾಡು ತಿಂದು ಬರುತ್ತಿದ್ದ. ನಾಗಮ್ಮ ಕೇಳಲೂ ಇಲ್ಲ, ಹೇಳಲೂ ಇಲ್ಲ. ಬೆಳಗಾಗುವಷ್ಟರಲ್ಲಿ ಬಸ್ ನಿಲ್ದಾಣದ ಎದುರು, ಡಿವೈಡರಿನ ನಡುವೆ ಬಿಟ್ಟ ಸಂದಿಯ ಪಕ್ಕದಲ್ಲಿ, ಖಾಕಿ ತೊಟ್ಟ ಪೊಲೀಸನೊಬ್ಬ ಬಲಗೈ ಚಾಚಿ ನಿಂತಿದ್ದ. ಮಡಕೆಗೆ ಸುಣ್ಣ ಬಳಿದು ಮಸಿಯ ಮೀಸೆ ಬರೆದಿದ್ದಳು. ಕೈಗೆ ಗಾಯತ್ರಿ ರಟ್ಟಿನ ಮೇಲೆ ಬರೆದುಕೊಟ್ಟ 'ನಿಧಾನ' ಎಂಬ ಫಲಕ.

"ನನ್ನ ಯುನಿಫಾರಂ!" ಎಂದು ಹೊನ್ನ ಜಗಲಿಯಿಂದ ಕೂಗಿದ. ಕಣ್ಣಿಗೆ ಪೊರೆ ಬಂದಿದ್ದರೂ ಅದು ಮಾತ್ರ ಕಂಡಿತ್ತು.

"ನೀವು ಹಾಕೊಂಡಾಗ ಒಂದು ಕೋಳಿನೂ ಹೆದರ್ಲಿಲ್ಲ. ಈಗಾರೂ ಉಪಯೋಗಕ್ಕೆ ಬರ್ಲಿ," ಎಂದಳು ನಾಗಮ್ಮ.

ಎರಡು ದಿನ ಅವಳು ಬಸ್ಸು ಬಿಟ್ಟು ನಿಲ್ದಾಣದಲ್ಲೇ ಕೂತು ನೋಡಿದಳು. ದೂರದಿಂದ ಖಾಕಿ ಕಂಡದ್ದೇ ತಡ, ಮೀನಿನ ಲಾರಿ ಬ್ರೇಕು ಹಾಕಿತು, ಟ್ಯಾಂಕರು ಬ್ರೇಕು ಹಾಕಿತು. ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಬರುತ್ತಿದ್ದ ಹುಡುಗರು ಗಡಿಬಿಡಿಯಿಂದ ತಲೆಗೆ ಸಿಕ್ಕಿಸಿಕೊಂಡರು. ನಾಗಮ್ಮನಿಗೆ ನಗೆ ತಡೆಯಲಾಗಲಿಲ್ಲ. ಸಂಜೆ ಹನ್ನೊಂದು ಮಕ್ಕಳನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದಳು.

"ಎಲ್ಲಿ ದಾಟುದು?"

"ಪೊಲೀಸ ನಿಂತಲ್ಲಿ!"

"ಬೇರೆ ಎಲ್ಲಾರೂ ಕಾಲಿಟ್ರೆ?"

"ಕಾಲು ಮುರೀತೆ ನೀನು!" ಎಂದು ಮಕ್ಕಳು ಒಟ್ಟಿಗೆ ಕೂಗಿದವು.

ಗಾಯತ್ರಿಯನ್ನು ಮುಂದಾಳು ಮಾಡಿದಳು. ಎರಡೂ ಬದಿ ನೋಡಬೇಕು, ಗಾಡಿ ನಿಂತ ಮೇಲೆ ಕೈ ಎತ್ತಬೇಕು, ಬೇಬಿಯ ಕೈ ಬಿಡಬಾರದು. ಮೂರನೆಯ ದಿನ ನಾಗಮ್ಮ ಒಂಬತ್ತರ ಬಸ್ಸು ಹತ್ತಿದಳು. ಎಷ್ಟೋ ತಿಂಗಳ ಮೇಲೆ ಅವಳ ಬುಟ್ಟಿ ಅವಳ ಜಾಗದಲ್ಲಿ ಕೂತಿತು. ಹನ್ನೊಂದಕ್ಕೆಲ್ಲ ಖಾಲಿ. ಬರುವಾಗ ಬೆರ್ಚಪ್ಪನಿಗೆಂದು ಒಂದು ಹೊಸ ಪೀಪಿ ತಂದು ಕೊರಳಿಗೆ ಕಟ್ಟಿದಳು.

ಇಷ್ಟಕ್ಕೇ ಬಿಟ್ಟಿದ್ದರೆ ಏನಾಗುತ್ತಿತ್ತೋ. ಆದರೆ ಈ ಕಾಲದಲ್ಲಿ ಯಾವುದನ್ನು ಇಷ್ಟಕ್ಕೇ ಬಿಡುತ್ತಾರೆ? ಬೈಕಿನಲ್ಲಿ ಹೋಗುತ್ತಿದ್ದ ಯಾವನೋ ಒಬ್ಬ ಇಳಿದು, ಬೆರ್ಚಪ್ಪನ ಹೆಗಲ ಮೇಲೆ ಕೈ ಹಾಕಿ ವಿಡಿಯೋ ಮಾಡಿ ಮೊಬೈಲಿಗೆ ಬಿಟ್ಟ. ಎರಡೇ ದಿನಕ್ಕೆ ಅದು ಕಾರವಾರ ಮುಟ್ಟಿತು, ಗೋವೆ ಮುಟ್ಟಿತು. ಲಾರಿಯವರೆಲ್ಲ ನೋಡಿದರು. ಆಮೇಲೆ ಬ್ರೇಕೂ ಇಲ್ಲ, ಹೆಲ್ಮೆಟ್ಟೂ ಇಲ್ಲ. ಬಸ್ಸಿನ ಕ್ಲೀನರುಗಳು ಬಾಗಿಲಲ್ಲಿ ಜೋತಾಡುತ್ತ ಬೆರ್ಚಪ್ಪನಿಗೆ ಸೆಲ್ಯೂಟು ಹೊಡೆಯತೊಡಗಿದರು. ನಾಗಮ್ಮ ಮತ್ತೆ ಒಂಬತ್ತರ ಬಸ್ಸು ಬಿಟ್ಟು ತಾನೇ ನಿಂತು ಮಕ್ಕಳನ್ನು ದಾಟಿಸಬೇಕಾಯಿತು.

ವಿಡಿಯೋ ನೋಡಿ ಪೊಲೀಸ ಮಂಜುನಾಥ ಬೈಕು ಹತ್ತಿ ಬಂದ. ಅವನು ಭಾವಿಕೇರಿಯವನು, ನಾಗಮ್ಮನ ಸೊಪ್ಪು ತಿಂದು ಬೆಳೆದವನು.

"ಅಜ್ಜಿ, ಇದ್ನ ಯಾರು ನಿಲ್ಸಿದ್ದು?"

"ಅವ್ನೇ ಬಂದು ನಿಂತ. ನಿಮ್ಮ ಪೈಕಿ ಯಾರೂ ಬರೂದಿಲ್ಲ ಅಂತ ಅವ್ನಿಗೆ ಗೊತ್ತಾಯ್ತು ಕಾಣ್ತದೆ."

"ತಮಾಷೆ ಅಲ್ಲ ಅಜ್ಜಿ. ಖಾಕಿ ಅಂದ್ರೆ ಇಲಾಖೆ ಮರ್ಯಾದೆ. ಮೇಲಿನವ್ರು ನಂಗೆ ಬೈತಾರೆ."

"ಹಂಗಾರೆ ಆ ಮರ್ಯಾದೆನ ದಿನಾ ಅರ್ಧ ತಾಸು ಇಲ್ಲಿ ನಿಲ್ಸು. ನಾ ಇವನ್ನ ಇವತ್ತೇ ಗದ್ದೆಗೆ ಕಳಿಸ್ತೆ."

ಮಂಜುನಾಥ ತಲೆ ಕೆರೆದುಕೊಂಡ. ಹುಡುಗ ಕೆಟ್ಟವನಲ್ಲ. ಇರುವ ನಾಲ್ಕು ಜನರಲ್ಲಿ ಒಬ್ಬ ಕೋರ್ಟಿಗೆ, ಒಬ್ಬ ಬಂದೋಬಸ್ತಿಗೆ ಎಂದು ಏನೇನೋ ಹೇಳಿದ. ಆ ದಿನ ಮಕ್ಕಳನ್ನು ತಾನೇ ನಿಂತು ದಾಟಿಸಿದ. ಅಷ್ಟರಲ್ಲಿ ಫೋನು ಬಂತು. "ಟೊಪ್ಪಿ ಒಂದು ತೆಗ್ದಿಡು ಅಜ್ಜಿ, ಉಳಿದದ್ದು ನಾ ನೋಡ್ಲಿಲ್ಲ" ಎಂದು ಹೇಳಿ ಹೋದ. ಟೊಪ್ಪಿ ಹೋದ ಮೇಲೆ ಬೆರ್ಚಪ್ಪನ ಬೋಳು ಮಡಕೆಯ ಮೇಲೆ ಕಾಗೆಯೊಂದು ಬಂದು ಕೂತಿತು. ನಾಗಮ್ಮನಿಗೆ ಅದನ್ನು ನೋಡಿ ಮೈಯೆಲ್ಲ ಉರಿಯಿತು.

ಆದರೆ ಕಾಗೆ ಕೂತಾಗ ಏನು ಮಾಡಬೇಕೆಂದು ಗದ್ದೆ ಮಾಡಿದವಳಿಗೆ ಹೇಳಿಕೊಡಬೇಕೆ? ಬೆರ್ಚಪ್ಪ ಒಂದೇ ಕಡೆ ಇದ್ದರೆ ಹಕ್ಕಿಗೆ ಸಲುಗೆ ಬರುತ್ತದೆ. ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಬೇಕು, ಕಾಣದಲ್ಲಿ ಕಾಣಿಸಬೇಕು. ಅವಳ ಅವ್ವ ಮಾಡಿದ್ದು ಹಾಗೆ, ಅವಳು ನಲವತ್ತು ವರ್ಷ ಮಾಡಿದ್ದೂ ಹಾಗೆ. ಅಂಕೋಲೆ ಕಡೆಗೆ ಸ್ವಲ್ಪ ದೂರದಲ್ಲಿ, ಗುಡ್ಡ ಕಡಿದಲ್ಲಿ ರಸ್ತೆಗೆ ಒಂದು ತಿರುವು ಇತ್ತು. ಆ ಕಡೆಯಿಂದ ಬರುವ ಗಾಡಿಗಳದ್ದೇ ಹೆಚ್ಚು ಅಬ್ಬರ. ತಿರುವು ಮುರಿಯುತ್ತಿದ್ದ ಹಾಗೆ ಮೂಗಿನ ಮುಂದೆ ಪೊಲೀಸ ಕಂಡರೆ? ಬೊಂಬೆಯೋ ಮನುಷ್ಯನೋ ಎಂದು ತಿಳಿಯುವುದರೊಳಗೆ ಕಾಲು ಬ್ರೇಕಿಗೆ ಹೋಗಿರುತ್ತದೆ. ನಿಲ್ದಾಣದ ಹತ್ತಿರ ಬರುವಾಗ ಗಾಡಿ ನಿಧಾನವಾಗಿರುತ್ತದೆ, ಮಕ್ಕಳು ಎಂದಿನ ಜಾಗದಲ್ಲಿ ದಾಟಿಕೊಳ್ಳುತ್ತವೆ.

ಭಾನುವಾರ ಸಂಜೆ, ಗದ್ದೆಯಲ್ಲಿ ಆಡುತ್ತಿದ್ದ ಮಕ್ಕಳ ಕಣ್ಣೆದುರೇ, ಬೆರ್ಚಪ್ಪನನ್ನು ಹೊತ್ತುಕೊಂಡು ಹೋಗಿ ತಿರುವಿನಲ್ಲಿ ನಿಲ್ಲಿಸಿದಳು. ದನ ದಾಟಿಸಲೆಂದು ಊರವರೇ ಅಲ್ಲಿ ಡಿವೈಡರನ್ನು ಒಡೆದು ಸಂದಿ ಮಾಡಿದ್ದರು, ಅದರ ಬಾಯಲ್ಲೇ ಕಂಬ ನಾಟಿದಳು. ಅವಳು ನೋಡುತ್ತಿದ್ದಂತೆಯೇ ಅಂಕೋಲೆಯಿಂದ ಬಂದ ಕಾರೊಂದು ಕಿರ್ರೆಂದು ನಿಧಾನವಾಯಿತು. ನಾಗಮ್ಮ ಕೈ ಝಾಡಿಸಿಕೊಂಡು ಮನೆಗೆ ಬಂದು ನೆಮ್ಮದಿಯಾಗಿ ಉಂಡಳು. ಹೊನ್ನ ಜಗಲಿಯಿಂದ ಎಂತದೋ ಹೇಳಲು ಬಂದ. "ಸುಮ್ನಿರಿ, ನೀವು ಕಾದ ತೋಪಿನ ಮರ ಎಲ್ಲ ಕಳ್ಳರು ತಕಂಡು ಹೋದ್ರು," ಎಂದು ಅವನ ಬಾಯಿ ಮುಚ್ಚಿಸಿದಳು.

ಸೋಮವಾರ ಒಂಬತ್ತರ ಬಸ್ಸು ಒಂಬತ್ತಕ್ಕೆ ಬರಲಿಲ್ಲ. ಒಂಬತ್ತೂ ಹತ್ತಾಯಿತು, ಹದಿನೈದಾಯಿತು. ನಾಗಮ್ಮ ನಿಲ್ದಾಣದಲ್ಲಿ ಬುಟ್ಟಿಯ ಪಕ್ಕ ನಿಂತು ಬಸ್ಸಿನವನ ಏಳು ತಲೆಮಾರನ್ನು ಒಂದೊಂದಾಗಿ ಎಬ್ಬಿಸಿ ಬೈದಳು. ಹೇಗೂ ತಡವಾಗಿದೆ, ಇವತ್ತು ಮಕ್ಕಳನ್ನು ತಾನೇ ದಾಟಿಸಿ ಹೋಗೋಣ ಎಂದು ಗದ್ದೆಯ ಹಾದಿ ನೋಡಿದಳು. ಒಂದು ಮಗುವಿನ ಸುಳಿವಿಲ್ಲ. ದಿನಾ ಇಷ್ಟು ಹೊತ್ತಿಗೆ ಕಚಪಚ ಎನ್ನುತ್ತ ಬರುವವು. ತಾನು ಸಂತೆಬುಟ್ಟಿ ಹೊತ್ತು ಬರುವುದರೊಳಗೇ ದಾಟಿಹೋದವೋ, ಏನೋ. ಎದುರಿನ ಶಾಲೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು, ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರು, "ಹತ್ತಿ ಹತ್ತಿ, ಲೇಟಾಗಿದೆ," ಎಂದು ಬುಟ್ಟಿಯನ್ನು ಒಳಗೆಳೆದುಕೊಂಡ. ನಾಗಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಮತ್ತೊಮ್ಮೆ ಹಿಂದೆ ನೋಡಿದಳು. ಪೇಟೆಯ ಜಾಗ ಹೋಗಿಬಿಡುತ್ತದೆ. ಹೇಗೂ ಬೆರ್ಚಪ್ಪ ಇದ್ದಾನಲ್ಲ ಎಂದುಕೊಂಡು ಹತ್ತಿದಳು.

ತಡವಾದ ಬಸ್ಸಿನ ಓಟ ಗೊತ್ತೇ ಇದೆ. ಡ್ರೈವರು ಗೇರು ಬದಲಿಸಿದ, ಬಸ್ಸು ಗಾಳಿ ಸೀಳಿಕೊಂಡು ತಿರುವಿಗೆ ನುಗ್ಗಿತು. ಆಮೇಲೆ ಏನಾಯಿತೆಂದು ನಾಗಮ್ಮನಿಗೆ ಮೊದಲು ತಿಳಿಯಲಿಲ್ಲ. ಬ್ರೇಕಿನ ಕಿರುಚು, ಜನರ ಕೂಗು, ಅವಳ ಹಣೆ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಿತು. ಹರಿವೆ ಕಟ್ಟುಗಳು ಕಾಲಡಿ ಚೆಲ್ಲಿದವು. ಬಸ್ಸು ಅಡ್ಡಡ್ಡ ಜಾರಿ, ಒಮ್ಮೆ ತೂಗಿ, ನಿಂತಿತು.

"ಯಾರ ಮನೆ ಮಕ್ಕಳಪ್ಪಾ ಇವು! ಹೆತ್ತವ್ರಿಗೆ ಬುದ್ಧಿ ಇಲ್ವಾ, ತಿರುವಲ್ಲಿ ಬಿಡ್ತಾರಲ್ಲ!" ಎಂದು ಡ್ರೈವರು ಸ್ಟೇರಿಂಗನ್ನು ಬಿಡದೆ ಕೂಗಿದ.

ನಾಗಮ್ಮ ತಲೆ ಎತ್ತಿದಳು. ಮುಂದಿನ ಗಾಜಿನಾಚೆ, ಬಸ್ಸಿನ ಮೂತಿಯಿಂದ ಒಂದು ಮಾರು ದೂರವೂ ಇಲ್ಲ, ಗಾಯತ್ರಿ ನಿಂತಿದ್ದಳು. ಒಂದು ಕೈಯಲ್ಲಿ ಬೇಬಿಯ ಕೈ. ಇನ್ನೊಂದು ಕೈಯನ್ನು ಹೇಳಿಕೊಟ್ಟ ಹಾಗೆಯೇ ನೆಟ್ಟಗೆ ಮೇಲಕ್ಕೆತ್ತಿದ್ದಳು. ಹಿಂದೆ ಗೇರುಪೊದೆಗಳ ನಡುವಿನ ದನದ ಹಾದಿಯಲ್ಲಿ ಉಳಿದ ಒಂಬತ್ತು ಮಕ್ಕಳು ಸಾಲಾಗಿ, ತಮ್ಮ ಸರದಿಗೆ ಕಾಯುತ್ತ ನಿಂತಿದ್ದವು.

ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಓಡಿಹೋಗಿ ಎರಡೂ ಹುಡುಗಿಯರನ್ನು ಎಳೆದು ರಸ್ತೆಯ ಬದಿಗೆ ತಂದಳು. ಬೇಬಿ ಆಗ ಅಳಲು ಶುರುಮಾಡಿತು. ನಾಗಮ್ಮ ಕೈ ಎತ್ತಿದಳು. ಗಾಯತ್ರಿಯ ಕೆನ್ನೆಗೆ ಎರಡು ಬಿಡಬೇಕು, ಇಡೀ ಊರಿಗೆ ಕೇಳುವ ಹಾಗೆ ಬೈಯಬೇಕು.

"ಇಲ್ಲಿ ಎಂತಕ್ಕೆ ಬಂದ್ರಿ? ಹೇಳು! ಇಲ್ಲಿ ಎಂತಕ್ಕೆ ಬಂದೆ?"

ಗಾಯತ್ರಿ ಅಜ್ಜಿಯ ಎತ್ತಿದ ಕೈಯನ್ನೂ ಮುಖವನ್ನೂ ನೋಡಿದಳು. ತಪ್ಪು ಯಾವುದೆಂದು ಅವಳಿಗೆ ನಿಜಕ್ಕೂ ಹೊಳೆಯಲಿಲ್ಲ.

"ಪೊಲೀಸ ಇಲ್ಲಿ ನಿಂತಾನಲಾ ಅಜ್ಜಿ," ಎಂದಳು. "ದಿನಾ ದಾಟು ಜಾಗಕ್ಕೇ ಹೋಗ್ವ ಅಂತ ಅವ್ರೆಲ್ಲ ಅಂದ್ರು. ನಾನೇ ಬೇಡ ಅಂದೆ."

ನಾಗಮ್ಮನ ಕೈ ಹಾಗೇ ಕೆಳಗಿಳಿಯಿತು. ಅವಳು ಕಾಗೆಯ ಬಗ್ಗೆ ಯೋಚಿಸಿದ್ದಳು, ಲಾರಿಯ ಬಗ್ಗೆ ಯೋಚಿಸಿದ್ದಳು. ಈ ಹನ್ನೊಂದು ತಲೆಗಳ ಒಳಗೆ ತಾನೇ ಏನು ತುಂಬಿದ್ದೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಹೆದರಬೇಕಾದವರು ಹೆದರಲಿಲ್ಲ, ನಂಬಬೇಡವೆಂದು ಯಾರೂ ಹೇಳದ ಮಕ್ಕಳು ನಂಬಿ ಹಿಂದೆಯೇ ಬಂದವು. ಬೈಯಲು ಅವಳು ಸುತ್ತ ನೋಡಿದಳು. ಡ್ರೈವರನನ್ನು ಬೈಯೋಣವೆಂದರೆ ಅವನು ಪುಣ್ಯಾತ್ಮ, ಮಕ್ಕಳನ್ನು ಉಳಿಸಿದವನು. ಕಾರವಾರದ ಸಾಹೇಬರು, ಮಂಜುನಾಥ, ಹೊನ್ನ, ವಿಡಿಯೋ ಮಾಡಿದ ಪೋರ, ಯಾರನ್ನು ಹಿಡಿದು ತಂದು ನಿಲ್ಲಿಸಿದರೂ ಬೆರ್ಚಪ್ಪನನ್ನು ಹೊತ್ತು ತಂದ ಹೆಗಲು ತನ್ನದೇ. ಇಷ್ಟು ವರ್ಷದ ಅವಳ ಬಾಯಿಗೆ ಆ ಹೊತ್ತಿನಲ್ಲಿ ಒಂದೇ ಒಂದು ಬೈಗುಳ ಸಿಗಲಿಲ್ಲ. ಅವಳು ರಸ್ತೆಯ ಬದಿಯ ಜಲ್ಲಿಯ ಮೇಲೆ ಕುಕ್ಕರಿಸಿ, ಬೇಬಿಯನ್ನು ಎದೆಗೆ ಒತ್ತಿಕೊಂಡು, ಜನ ನೋಡುತ್ತಾರೆಂಬ ಪರಿವೆಯೂ ಇಲ್ಲದೆ ಅತ್ತಳು.

"ಅಜ್ಜೀ, ಬರ್ತ್ರಾ ಇಲ್ವಾ?" ಎಂದು ಕಂಡಕ್ಟರು ಬಾಗಿಲಿನಿಂದ ಕೇಳಿದ. ಈಗ ಅವನ ದನಿ ಮೆತ್ತಗಿತ್ತು.

ನಾಗಮ್ಮ ಕೈ ಬೀಸಿ ಹೋಗೆಂದಳು. ಬಸ್ಸು ಅವಳ ಬುಟ್ಟಿಯನ್ನೂ ಹೊತ್ತುಕೊಂಡು ಅಂಕೋಲೆಗೆ ಹೋಯಿತು.

ಅವಳು ಎದ್ದು, ಮೂಗು ಒರೆಸಿಕೊಂಡು, ರಸ್ತೆ ಖಾಲಿಯಾಗುವುದನ್ನು ಕಾದು, ಡಿವೈಡರಿನ ಸಂದಿಗೆ ಹೋದಳು. ಬೆರ್ಚಪ್ಪನ ಕಂಬವನ್ನು ಎರಡೂ ಕೈಯಿಂದ ಅಲ್ಲಾಡಿಸಿ ಕಿತ್ತು ತಂದು ಗೇರುಪೊದೆಯ ಹಿಂದೆ ಎಸೆದಳು. ಮಡಕೆ ಒಡೆಯಿತು. ಆಮೇಲೆ ಹನ್ನೊಂದನ್ನೂ ಮುಂದೆ ಹಾಕಿಕೊಂಡು, ರಸ್ತೆಯಿಂದ ದೂರ, ಗದ್ದೆಯ ಅಂಚಿನಲ್ಲಿ ನಿಲ್ದಾಣದ ಕಡೆಗೆ ನಡೆದಳು. ಆಚೆ ಬದಿಯಲ್ಲಿ ಶಾಲೆಯ ಗಂಟೆ ಹೊಡೆಯತೊಡಗಿತ್ತು.

ಸ್ವಲ್ಪ ದೂರ ಹೋದ ಮೇಲೆ ಗಾಯತ್ರಿ ಮೆಲ್ಲಗೆ ಅವಳ ಸೀರೆಯ ಸೆರಗು ಹಿಡಿದಳು.

"ಅಜ್ಜಿ, ನಾಳೆ ಎಲ್ಲಿ ದಾಟ್ಬೇಕು?"

"ನಾ ನಿಂತಲ್ಲಿ."

"ದಿನಾನೂ?"

"ದಿನಾನೂ."

"ಮತ್ತೆ ಪ್ಯಾಟೆ?"

"ಪ್ಯಾಟೆ ಬೆಂಕಿ ಬಿದ್ದು ಹೋಗ್ಲಿ! ಎಷ್ಟು ಮಾತಾಡ್ತೆ ನೀನು," ಎಂದಳು ನಾಗಮ್ಮ, ಸೆರಗು ಹಿಡಿದಿದ್ದ ಪುಟ್ಟ ಕೈಯನ್ನು ತನ್ನ ಮುಷ್ಟಿಯೊಳಗೆ ನೋಯುವಷ್ಟು ಬಿಗಿಯಾಗಿ ಹಿಡಿದು. "ಮುಂದೆ ನೋಡ್ಕಂಡು ನಡಿ."